ಕಿವಿ ಕಟ್ಟಿದ ಬಾಗಿಲು

“ಮೊದಲು ಆ ಮೊಳೆ ಕಿತ್ತು ಬಿಸಾಕು ಮಾರಾಯ್ತಿ. ಸಾಮಾನು ಆಮೇಲೆ ಒಳಗಿಟ್ಟರಾಯ್ತು.”

ಹೇಳಿದವರು ಅಮ್ಮಣ್ಣಿ. ಕುಂದಾಪುರದ ಕಡೆಯಿಂದ ಬಂದು, ದಿಲ್ಲಿಯ ಮುನಿರ್ಕಾದ ಗಲ್ಲಿಯೊಂದರಲ್ಲಿ ಗಂಡ ಸುಧಾಕರರ ಜೊತೆ ದೋಸೆ ಹೋಟೆಲು ನಡೆಸುತ್ತ ಇಲ್ಲೇ ತಲೆ ನರೆತವರು. ತಮ್ಮೂರ ಕಡೆಯ ಹುಡುಗಿಯೊಬ್ಬಳು ಒಂಟಿಯಾಗಿ ಮನೆ ಹಿಡಿದಿದ್ದಾಳೆಂದು ತಿಳಿದು, ಚಟ್ನಿಪುಡಿಯ ಡಬ್ಬಿ ಹಿಡಿದು, ಏದುಸಿರು ಬಿಡುತ್ತ ಮೂರನೆಯ ಮಹಡಿಗೆ ಹತ್ತಿ ಬಂದಿದ್ದರು. ಬಾಗಿಲ ಚೌಕಟ್ಟಿನ ಮೇಲೆ ಕಣ್ಣು ಬಿದ್ದದ್ದೇ ತಡ, ಹೊಸ್ತಿಲಾಚೆಯೇ ನಿಂತುಬಿಟ್ಟರು.

ಚೌಕಟ್ಟಿನ ಒಳಮೈಗೆ ದಪ್ಪ ಕಬ್ಬಿಣದ ಮೊಳೆಯೊಂದನ್ನು ಹೊಡೆದಿದ್ದರು. ಅದಕ್ಕೆ ಕಪ್ಪು ದಾರ ಸುತ್ತಿತ್ತು, ದಾರದ ತುದಿಯಲ್ಲಿ ಒಣಗಿ ಕಲ್ಲಾದ ನಿಂಬೆಹಣ್ಣು. ಹತ್ತಿರ ಹೋದರೆ ತುಕ್ಕಿನ ವಾಸನೆ. ಅದರ ಹಿಂದೆ, ಮೂಗಿಗೆ ಸಿಕ್ಕೂ ಸಿಗದ ಹಾಗೆ, ಸುಟ್ಟ ಕೂದಲಿನ ವಾಸನೆ.

“ದೃಷ್ಟಿಗೆ ಕಟ್ಟಿರ್ತಾರೆ ಅಕ್ಕ. ಎಲ್ಲ ಅಂಗಡಿಯಲ್ಲೂ ಇರುತ್ತಲ್ಲ,” ಅಂದಳು ನಿರೀಕ್ಷಾ.

“ದೃಷ್ಟಿಗೆ ಕಟ್ಟೋದು ಹೊರಗೆ. ಇದು ಒಳಗಿದೆ.”

ಅಮ್ಮಣ್ಣಿ ದನಿ ತಗ್ಗಿಸಿದರು. ಈ ಕಟ್ಟಡದ ತಾರಸಿಯ ಒಂಟಿ ಕೋಣೆಯಲ್ಲಿ, ದಿಲ್ಲಿಯವರು ಬರಸಾತಿ ಅನ್ನುವ ಆ ಗೂಡಿನಲ್ಲಿ, ಕಾಂಗೋ ದೇಶದ ವಿದ್ಯಾರ್ಥಿಯೊಬ್ಬನಿದ್ದ. ಹೆಸರು ಪ್ಯಾಸ್ಕಲ್. ಅವರ ಹೋಟೆಲಿಗೆ ಬಂದು ಸಾಂಬಾರು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದ ನಗುಮುಖದ ಹುಡುಗ. ಒಂದು ಸಂಜೆ ಯಾರೋ ಪುಂಡರು ಗಲ್ಲಿಯಲ್ಲೇ ಅವನನ್ನು ಅಡ್ಡಗಟ್ಟಿ ಚೂರಿ ಹಾಕಿ, ಬ್ಯಾಗು ಕಿತ್ತುಕೊಂಡರು. ಕೋಣೆಯ ಕೀಲಿಯೂ ಅದರಲ್ಲೇ ಹೋಯಿತು. ಅವನು ಮಹಡಿ ಮಹಡಿ ಹತ್ತುತ್ತ ಒಂದೊಂದು ಬಾಗಿಲನ್ನೂ ಬಡಿದ. ಒಂದೂ ತೆರೆಯಲಿಲ್ಲ. ತಾರಸಿಯ ಮೆಟ್ಟಿಲ ಮೇಲೆ ಸತ್ತ. ಪೊಲೀಸರು ಕೇಳಿದಾಗ ಎಲ್ಲ ಮನೆಯವರೂ ಹೇಳಿದ್ದು ಒಂದೇ ಮಾತು: ನಮಗೇನೂ ಕೇಳಿಸಲಿಲ್ಲ.

“ಆಮೇಲೆ ಕೇಳಿಸೋಕೆ ಶುರುವಾಯ್ತು,” ಅಂದರು ಅಮ್ಮಣ್ಣಿ. “ದಿನಾ ಸಂಜೆ. ಕೆಳಗಿನ ಬಾಗಿಲಿಂದ ಮೇಲಿನ ಬಾಗಿಲ ತನಕ. ಮಾಲೀಕ ಚೌಧರಿ ಹರಿಯಾಣದ ಕಡೆಯಿಂದ ಯಾರೋ ತಾಂತ್ರಿಕನನ್ನ ಕರೆಸಿ ದಿಗ್ಬಂಧನ ಹಾಕಿಸಿದ. ಸತ್ತವನನ್ನ ಓಡಿಸೋಕೆ ಅಲ್ಲ, ಬಾಗಿಲ ಕಿವಿ ಕಟ್ಟೋಕೆ. ಕಿವಿ ಕಟ್ಟಿದ ಬಾಗಿಲಿಗೆ ಬಡಿದವನು ಸತ್ತವನೋ ಬದುಕಿರೋನೋ ಅಂತ ಗೊತ್ತಾಗುತ್ತಾ, ನೀನೇ ಹೇಳು.”

ನಿರೀಕ್ಷಾಳಿಗೆ ನಗು ತಡೆಯಲಾಗಲಿಲ್ಲ.

“ಅಚ್ಛಾ, ಸೌಂಡ್‌ಪ್ರೂಫ್ ಮಾಡಿಸಿದ್ದಾರೆ ಅನ್ನಿ! ಚೌಧರಿಗೆ ಗೊತ್ತಾಗದಿರಲಿ, ಬಾಡಿಗೆ ಏರಿಸಿಬಿಟ್ಟಾನು.” ಹೇಳುತ್ತಲೇ ತನ್ನ ಉದ್ದನೆಯ ಚಳಿಕೋಟನ್ನು ತೆಗೆದು ಅದೇ ಮೊಳೆಗೆ ನೇತುಹಾಕಿದಳು. ಅಮ್ಮಣ್ಣಿ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, ಒಳಗೆ ಕಾಲಿಡದೆ, ಗೋಡೆ ಹಿಡಿದುಕೊಂಡು ಇಳಿದುಹೋದರು.

ನಿರೀಕ್ಷಾ ನಂಬುತ್ತಿದ್ದದ್ದು ಚಿಲಕಗಳನ್ನು. ಗುರುಗ್ರಾಮದ ಕಂಪನಿಯಲ್ಲಿ ಕೆಲಸ ಸಿಕ್ಕಾಗ ದಿಲ್ಲಿ ಎಂಥ ಊರು ಎಂದು ಬಂಧುಬಳಗವೆಲ್ಲ ಹೆದರಿಸಿತ್ತು. ಅವಳು ಹೆದರಲಿಲ್ಲ, ತಯಾರಿ ಮಾಡಿಕೊಂಡಳು. ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ, ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ಕ್ಯಾಬ್ ಹತ್ತಿದ ಕೂಡಲೇ ಅಮ್ಮನಿಗೆ ಲೊಕೇಶನ್. ಅಪರಿಚಿತರಿಗೆ ಬಾಗಿಲು ತೆರೆಯಬಾರದು ಅನ್ನುವುದು ಅವಳ ಪಾಲಿನ ಮೊದಲ ಮಂತ್ರ. ಮಂತ್ರ ಅಂದರೆ ಅವಳು ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ಮನೆಯಂತೂ ಅವಳಿಗೆ ಹಿಡಿಸಿತು. ಮುನಿರ್ಕಾದ ಗಲ್ಲಿಗಳಲ್ಲಿ ಎದುರುಬದುರಿನ ಬಾಲ್ಕನಿಗಳು ಕೈ ಕುಲುಕುವಷ್ಟು ಹತ್ತಿರ. ಮಧ್ಯಾಹ್ನವೂ ದೀಪ ಹಾಕಬೇಕು. ತಲೆಯ ಮೇಲೆ ಗೋಜಲು ಗೋಜಲು ವೈರು, ಕಾಲಡಿಯಲ್ಲಿ ಚರಂಡಿ, ಸಾಸಿವೆ ಎಣ್ಣೆಯ ಘಾಟು, ಮೋಮೊ ಗಾಡಿಯವರ ಕೂಗಾಟ, ಸ್ಕೂಟರಿನ ಹಾರ್ನು. ಅವಳು ಒಳಗೆ ಬಂದು ಬಾಗಿಲು ಹಾಕಿದರೆ ಅದೆಲ್ಲ ಕತ್ತರಿಸಿದ ಹಾಗೆ ನಿಂತುಬಿಡುತ್ತಿತ್ತು. ಮೊದಲ ವಾರ ಅದೊಂದು ಸುಖ. ಆಮೇಲೆ ಅಡುಗೆಮನೆಯಲ್ಲಿ ತನ್ನ ಚಮಚದ ಸದ್ದಿಗೇ ಅವಳು ಬೆಚ್ಚತೊಡಗಿದಳು. ಅಮ್ಮನ ಫೋನಿಗೆ “ಊಟ ಆಯ್ತು, ಎಲ್ಲ ಚೆನ್ನಾಗಿದೆ” ಎಂದು ಹೇಳಿ ಇಟ್ಟ ಮೇಲೆ ಕೋಣೆಯಲ್ಲಿ ಉಳಿಯುತ್ತಿದ್ದದ್ದು ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಮಾತ್ರ. ಯಾರಾದರೂ ಬಂದು ಜಗಳವಾಡಿದರೂ ಸಾಕು ಅನ್ನಿಸುವಂಥ ಒಂಟಿತನ ಅದು.

ಬರುವವರು ಬರುತ್ತಲೇ ಇದ್ದರು. ಕೊರಿಯರ್ ಭಯ್ಯಾ ಫೋನ್ ಮಾಡಿ, “ಮೇಡಂ, ಬಡಿದು ಬಡಿದು ಕೈ ನೋವು ಬಂತು, ಒಳಗಿದ್ದುಕೊಂಡು ಯಾಕೆ ತೆಗೆಯೋದಿಲ್ಲ?” ಎಂದು ರೇಗಿದ. ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದೆ ಅಂದಳು. ಹಾಕಿಕೊಂಡಿರಲಿಲ್ಲ.

ಆ ಕಟ್ಟಡದಲ್ಲಿ ಅವಳಿಗೆ ಸಿಕ್ಕ ಒಂದೇ ಜೀವ ಕ್ಲಾರಿಸ್. ಕ್ಯಾಮರೂನಿನ ಹುಡುಗಿ, ಪಕ್ಕದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಪ್ಯಾಸ್ಕಲ್‌ನ ಬರಸಾತಿಯಲ್ಲೇ ಅವಳ ವಾಸ, ಏಕೆಂದರೆ ಬೇರೆ ಯಾರೂ ಅವಳಿಗೆ ಮನೆ ಕೊಡಲಿಲ್ಲ. ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಇಬ್ಬರಿಗೂ ಪರಿಚಯವಾಯಿತು. ಭಾನುವಾರಗಳಂದು ಕ್ಲಾರಿಸ್ ಬೇಯಿಸಿದ ಬಾಳೆಕಾಯಿ, ನಿರೀಕ್ಷಾಳ ಮೊಸರನ್ನ, ಇಬ್ಬರಿಗೂ ಸ್ವಂತದ್ದಲ್ಲದ ಇಂಗ್ಲಿಷಿನಲ್ಲಿ ಹರಟೆ. ಫೋನ್ ಮಾಡಿಯೇ ಇಳಿದು ಬರುವುದು ಕ್ಲಾರಿಸಳ ಪದ್ಧತಿ. ತಟ್ಟಿದರೆ ನೀನು ತೆರೆಯುವುದೇ ಇಲ್ಲವಲ್ಲ ಎಂದು ನಗುತ್ತಿದ್ದಳು.

ಅವಳ ದಿಲ್ಲಿ ಬೇರೆಯೇ ಇತ್ತು. ಗಲ್ಲಿಯಲ್ಲಿ ಹೆಜ್ಜೆ ಇಟ್ಟರೆ ಹಿಂದಿನಿಂದ ಕರಿಯರನ್ನು ಹೀಯಾಳಿಸುವ ‘ಹಬ್ಶಿ’ ಎಂಬ ಕೂಗು. ಆಟೋದವರು ಮುಖ ನೋಡಿ ಮುಂದೆ ಹೋಗುತ್ತಿದ್ದರು. ನಿಂತವರು ಇನ್ನೇನೋ ಕೇಳುತ್ತಿದ್ದರು. ಮೆಟ್ರೋದಿಂದ ಮನೆಯ ತನಕ ಅವಳು ಕೀಲಿಯನ್ನು ಬೆರಳ ಸಂದಿಯಲ್ಲಿ ಹಿಡಿದೇ ನಡೆಯುವವಳು. ಈಚೆಗೆ ಬೈಕಿನ ಮೇಲೆ ಇಬ್ಬರು ಹಿಂಬಾಲಿಸುತ್ತಿದ್ದಾರೆಂದು ಒಂದು ಭಾನುವಾರ ಹೇಳಿದಳು. ಪೊಲೀಸರಿಗೆ ಹೇಳಿದರೆ, ಸಂಜೆ ಹೊರಗೆ ಯಾಕೆ ಹೋಗುತ್ತೀ ಅಂದಿದ್ದರಂತೆ.

“ನಾನು ಒಂದು ದಿನ ಓಡಿ ಬಂದು ನಿನ್ನ ಬಾಗಿಲು ಬಡಿದರೆ ತೆರೀತೀಯಾ?” ಎಂದು ಕೇಳಿದಳು. ಕೇಳುವಾಗ ನಗುತ್ತಿರಲಿಲ್ಲ.

“ಇದೆಂಥ ಪ್ರಶ್ನೆ? ನಿದ್ದೆಯಲ್ಲಿದ್ದರೂ ಎದ್ದು ತೆರೀತೀನಿ.”

ನಿಜವಾಗಿಯೂ ಹಾಗೆಂದುಕೊಂಡೇ ಹೇಳಿದ್ದಳು, ಪಾಪ.

ಡಿಸೆಂಬರಿನ ಒಂದು ಸಂಜೆ. ಹೊಗೆಮಂಜು ಗಲ್ಲಿಗೆ ಇಳಿದು ಹೊತ್ತಿಗೆ ಮೊದಲೇ ಕತ್ತಲಾಗಿತ್ತು. ಗಂಟಲಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ರುಚಿ. ನಿರೀಕ್ಷಾ ಆಫೀಸಿನಿಂದ ಬಂದು, ಕೋಟು ನೇತುಹಾಕಿ, ಚಹಾಕ್ಕಿಟ್ಟಿದ್ದಳು. ಕರೆಂಟು ಹೋಯಿತು. ಎಮರ್ಜೆನ್ಸಿ ದೀಪ ಹಚ್ಚಿ ಮೇಜಿನ ಮೇಲಿಟ್ಟಳು. ಆಗ ಸುಟ್ಟ ಕೂದಲಿನ ವಾಸನೆ ಬಂತು. ಈ ಸಲ ಮೂಗಿಗೆ ಸಿಕ್ಕೂ ಸಿಗದ ಹಾಗಲ್ಲ, ಪಕ್ಕದಲ್ಲೇ ಸುಡುತ್ತಿರುವ ಹಾಗೆ.

ತಿರುಗಿ ನೋಡಿದರೆ ಕೋಟು ಅಲ್ಲಾಡುತ್ತಿತ್ತು.

ಕಿಟಕಿ ಮುಚ್ಚಿತ್ತು. ಫ್ಯಾನು ನಿಂತಿತ್ತು. ಕೋಟು ಮಾತ್ರ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಅವಳ ಕಣ್ಣು ಮೆಲ್ಲಗೆ ಚಿಲಕದ ಮೇಲೆ ಹೋಯಿತು. ಚಿಲಕ ನಡುಗುತ್ತಿತ್ತು. ಬಾಗಿಲ ಹಲಗೆ ಒಳಕ್ಕೆ ಉಬ್ಬಿ ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಚೌಕಟ್ಟಿನ ಮೇಲಿಂದ ಸುಣ್ಣದ ಪುಡಿ ಉದುರುತ್ತಿತ್ತು. ಆಚೆಯಿಂದ ಯಾರೋ ಎರಡೂ ಕೈಯಲ್ಲಿ ಬಾಗಿಲು ಬಡಿಯುತ್ತಿದ್ದಾರೆ.

ಸದ್ದೇ ಇಲ್ಲ. ಒಂದಿಷ್ಟೂ ಇಲ್ಲ.

ಅಮ್ಮಣ್ಣಿ ಹೇಳಿದ್ದೆಲ್ಲ ಆ ಕ್ಷಣ ನಿಜವಾಗಿಬಿಟ್ಟಿತು. ನಗುತ್ತಿದ್ದ ಹುಡುಗಿ ಪೂರ್ತಿ ನಂಬಿದಳು. ಅವನೇ. ಪ್ಯಾಸ್ಕಲ್. ಚೂರಿ ತಿಂದ ಮೈ ಹೊತ್ತು ಮಹಡಿ ಹತ್ತಿ ಬಂದಿದ್ದಾನೆ. ಈ ಬಾಗಿಲ ಆಚೆಗೇ ನಿಂತಿದ್ದಾನೆ. ಅವಳ ಕಾಲುಗಳು ತಾವಾಗಿ ಮುಂದೆ ಹೋದವು. ಅಂಗೈಯನ್ನು ಹಲಗೆಯ ಮೇಲಿಟ್ಟಳು. ಬಡಿತ ಕೈಗೆ ತಾಗಿತು. ಹಲಗೆ ಬೆಚ್ಚಗಿತ್ತು. ತೆರೆಯಬಾರದು. ತೆರೆಯಬಾರದು. ಮೇಲಿನ ಚಿಲಕವನ್ನು ಇನ್ನೂ ಒತ್ತಿ ಹಿಡಿದಳು. ಮನೆದೇವರ ಹೆಸರು ಅರ್ಧಕ್ಕೇ ಮರೆತುಹೋಯಿತು. ಬಡಿತ ನಿಧಾನವಾಯಿತು. ಕೆಳಗಿಳಿಯಿತು. ಎದೆಯ ಮಟ್ಟ. ಮೊಣಕಾಲ ಮಟ್ಟ. ನಿಂತಿತು. ಕೋಟು ತೂಗುವುದೂ ನಿಂತಿತು.

ಬಿಟ್ಟುಹೋದ, ಅಂದುಕೊಂಡಳು. ಉಸಿರು ಬಿಟ್ಟಳು.

ಅಂಗಾಲಿಗೆ ಏನೋ ಒದ್ದೆ ತಾಗಿತು.

ಬಾಗಿಲ ಕೆಳಗಿನ ಸಂದಿಯಿಂದ ಅದು ಮೆಲ್ಲಗೆ ಒಳಕ್ಕೆ ಬರುತ್ತಿತ್ತು. ದೀಪದಲ್ಲಿ ಕಪ್ಪಾಗಿ ಕಂಡಿತು. ಬಗ್ಗಿ ಮುಟ್ಟಿದಳು. ಬಿಸಿಯಾಗಿತ್ತು. ಸತ್ತವನ ರಕ್ತ ಬಿಸಿ ಇರುತ್ತದೆಯೇ?

ಕೋಟನ್ನು ಎಳೆದು ಎಸೆದಳು. ಮೊಳೆಗೆ ಕೈ ಹಾಕಿದಳು. ಬರಲಿಲ್ಲ. ದಾರ ಹಿಡಿದು ಜಗ್ಗಿದಳು, ಬೆರಳು ಹರಿಯಿತು. ಮತ್ತೆ ಜಗ್ಗಿದಳು. ಇಡೀ ಮೈಭಾರ ಹಾಕಿ ಜಗ್ಗಿದಳು. ಮೊಳೆ ಕಿತ್ತು ಬಂತು.

ಸದ್ದು ನುಗ್ಗಿತು. ತಡೆದಿಟ್ಟದ್ದೆಲ್ಲ ಒಟ್ಟಿಗೆ ನುಗ್ಗಿತು. ಬಡಿತ, ಬಡಿತ, ಬಡಿತ. ಗೊತ್ತಿಲ್ಲದ ಭಾಷೆಯಲ್ಲಿ ಗಂಡು ದನಿಯೊಂದು ಅಂಗಲಾಚುತ್ತಿತ್ತು. ಕೊರಿಯರಿನವನು ಮೇಡಂ ಮೇಡಂ ಅನ್ನುತ್ತಿದ್ದ. ಅವೆಲ್ಲದರ ನಡುವೆ ಅವಳ ಹೆಸರು. “ನಿರೀ! ನಾನು! ನಿರೀ, ಬಾಗಿಲು!” ಕಿರುಚಿದ್ದು. ಅತ್ತದ್ದು. ಕೊನೆಗೆ ಬರೀ ಉಸಿರಿನಲ್ಲಿ ಅಂದದ್ದು. ಆಮೇಲೆ ಕೆಳಗಿನ ಮಹಡಿಯ ಮನೆಯೊಂದರಲ್ಲಿ ಕುಕ್ಕರ್ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

ನಿರೀಕ್ಷಾ ಚಿಲಕ ತೆಗೆದಳು. ಕ್ಲಾರಿಸ್ ಬಾಗಿಲಿಗೆ ಆತುಕೊಂಡಿದ್ದವಳು ಒಳಕ್ಕೆ ಉರುಳಿದಳು.

ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಬೈಕಿನವರು ಫೋನು, ಕೀಲಿ ಎಲ್ಲ ಕಿತ್ತುಕೊಂಡು, ಮೆಟ್ಟಿಲ ತನಕ ಅಟ್ಟಿಸಿಕೊಂಡು ಬಂದಿದ್ದರು. ಚೂರಿಗೆ ಅಡ್ಡ ಕೊಟ್ಟ ಕೈ ಅದು. ಅದೇ ಕೈಯಲ್ಲಿ ಅಷ್ಟು ಹೊತ್ತು ಬಾಗಿಲು ಬಡಿದಿದ್ದಳು. ಇನ್ನೊಂದಿಷ್ಟು ಬೇಗ ತಂದಿದ್ದರೆ ನರ ಜೋಡಿಸಬಹುದಿತ್ತು ಎಂದು ಡಾಕ್ಟರು ಅಂದರು. ಪೊಲೀಸರು ಕಟ್ಟಡದವರನ್ನೆಲ್ಲ ವಿಚಾರಿಸಿದರು. ಕುಛ್ ಸುನಾ ನಹೀ, ಏನೂ ಕೇಳಿಸಲಿಲ್ಲ, ಅಂದರು ಕೆಳಗಿನವರು. ನಿರೀಕ್ಷಾಳೂ ಅದನ್ನೇ ಅಂದಳು. ನಾನು ಹೇಳುತ್ತಿರುವುದು ಸತ್ಯ ಎಂದು ಚೀರಬೇಕೆನ್ನಿಸಿತು, ಆದರೆ ಕಾನ್‌ಸ್ಟೇಬಲ್ ಆಗಲೇ ಪುಟ ತಿರುಗಿಸಿದ್ದ.

ಕ್ಲಾರಿಸಳನ್ನು ಊರಿಗೆ ಕರೆದೊಯ್ಯಲು ಅವಳ ಅಣ್ಣ ಬಂದಿದ್ದ. ಹೊರಡುವ ದಿನ ನಿರೀಕ್ಷಾ ಆಸ್ಪತ್ರೆಗೆ ಹೋದಳು. ಡೆಟಾಲಿನ ವಾಸನೆ, ಗಂಜಿಯ ವಾಸನೆ. ಹಾಸಿಗೆಯ ಅಂಚಿನಲ್ಲಿ ಕೂತು, ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದಳೋ ಆ ಮಾತನ್ನು ಹೇಳಿದಳು.

“ನನಗೆ ಕೇಳಿಸಲಿಲ್ಲ ಕ್ಲಾರಿಸ್. ಆಣೆ ಮಾಡಿ ಹೇಳ್ತೀನಿ.”

ಕ್ಲಾರಿಸ್ ಅವಳ ಮುಖ ನೋಡಿದಳು. ಕೋಪವಿರಲಿಲ್ಲ. ದಣಿವಿತ್ತು.

“ನಾನು ಕೆಳಗೆ ಬಿದ್ದಿದ್ದೆ. ಬಾಗಿಲ ಸಂದಿಯಿಂದ ಬೆಳಕು ಬರ್ತಿತ್ತು,” ಅಂದಳು. “ಆ ಬೆಳಕಿನಲ್ಲಿ ನಿನ್ನ ಕಾಲುಗಳ ನೆರಳು ಕಾಣ್ತಿತ್ತು.”

ನಿರೀಕ್ಷಾ ಹಾಸಿಗೆಯ ಅಂಚಿನಿಂದ ಎದ್ದಳು. ಭೂತ ಅಂದುಕೊಂಡೆ ಎಂದು ಹೇಗೆ ಹೇಳುವುದು? ಕ್ಲಾರಿಸ್ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಅಣ್ಣ ಮರ್ಯಾದೆಯಿಂದಲೇ ಎದ್ದು ಕೋಣೆಯ ಬಾಗಿಲು ತೆರೆದು ಹಿಡಿದ.

ಆಸ್ಪತ್ರೆಯಿಂದ ಬಂದು, ಮನೆ ಬದಲಿಸುತ್ತೇನೆ ಎಂದು ಫೋನಿನಲ್ಲಿ ಅಮ್ಮನಿಗೆ ಹೇಳಿದಳು. ಕಾರಣ ಹೇಳಲಿಲ್ಲ. ಮೊಳೆಯನ್ನು ಕಿತ್ತ ದಿನವೇ ಚರಂಡಿಗೆ ಎಸೆದಿದ್ದಳು. ಈಗ ಮುನಿರ್ಕಾದ ಸದ್ದೆಲ್ಲ ಒಳಗೆ ಬರುತ್ತಿತ್ತು, ಅಷ್ಟಾದರೂ ಅವಳು ಹಿಂದೆಂದಿಗಿಂತ ಒಂಟಿಯಾಗಿದ್ದಳು. ಇನ್ನು ಯಾರೇ ತಟ್ಟಲಿ, ಭೂತವೇ ತಟ್ಟಲಿ, ತೆರೆದೇ ತೆರೆಯುತ್ತೇನೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

ಅಂದು ಸಂಜೆ ಕೆಳಗಿನ ಬಾಗಿಲ ಮೇಲೆ ಬಡಿತ ಕೇಳಿಸಿತು.

ಅದು ತೆರೆಯಲಿಲ್ಲ. ಹೆಜ್ಜೆಗಳು ಮೇಲೆ ಬಂದವು, ಎಳೆದುಕೊಂಡು ಬರುವ ಹೆಜ್ಜೆ. ಮೊದಲ ಮಹಡಿ. ಬಡಿತ. ಮೌನ. ಎರಡನೆಯ ಮಹಡಿ. ಬಡಿತ. ಮೌನ. ಆಮೇಲೆ ಅವಳದೇ ಬಾಗಿಲು. ಗಟ್ಟಿಯಾಗಿ, ಬಿಡದೆ. ಹಿಂದೆ ಒಂದು ದನಿಯೂ ಇತ್ತು. ಏದುಸಿರಿನಲ್ಲಿ ಯಾವ ಭಾಷೆಯೆಂದು ತಿಳಿಯಲಿಲ್ಲ. ಸತ್ತವನೋ ಬದುಕಿರುವವನೋ ಎಂದು ತಿಳಿಯಲು ಬಾಗಿಲು ತೆರೆದು ನೋಡಬೇಕಿತ್ತು, ಅಷ್ಟೇ.

ನಿರೀಕ್ಷಾ ಎದ್ದಳು. ಬಾಗಿಲ ತನಕ ಹೋದಳು. ಚಿಲಕಕ್ಕೆ ಕೈ ಇಟ್ಟಳು. ತಲೆ ತಗ್ಗಿಸಿದಾಗ ತನ್ನ ಕಾಲುಗಳ ನೆರಳು ಬಾಗಿಲ ಸಂದಿಯ ತನಕ ಚಾಚಿರುವುದು ಕಂಡಿತು.

ಸದ್ದಾಗದ ಹಾಗೆ ಹಿಂದೆ ಸರಿದು, ಅವಳು ದೀಪ ಆರಿಸಿದಳು.