ಮೊದಲ ಕರೆಗೆ ಓಗೊಡಬೇಡ

"ಕತೆ ಎಷ್ಟು ಬೇಕಾದರೂ ಕೇಳು ಮಗಾ. ಆ ದನಿ ಮಾತ್ರ ಮಾಡಿ ತೋರಿಸಬೇಡ," ಅಂದಳು ಅಜೋಕೆ.

ಅಳಿಯ ಡೇರೆ ನಕ್ಕ. ಲೇಗೋಸಿನ ರೇಡಿಯೋದವನು, ನಗುವುದಕ್ಕೇ ಸಂಬಳ ಬರುತ್ತದೆ ಅನ್ನುವ ಹಾಗೆ ನಕ್ಕ. "ಅದು ಟೀವಿ ನಾಟಕ, ಅತ್ತೆ. ಮುಖಕ್ಕೆ ಸುಣ್ಣ ಬಳಿದುಕೊಂಡ ಒಬ್ಬ ನಟಿ. ಅವಳಿಗೂ ಹೆದರ್ತೀರಾ?"

ಅಜೋಕೆ ಎದ್ದು ಒಳಗೆ ಹೋದಳು.

ನಮ್ಮ ಇಲೇಶಾ ಊರಿನವರಿಗೆ ಆ ಹಳೆಯ ನಾಟಕ ಚೆನ್ನಾಗಿ ಗೊತ್ತು. ವಾರಕ್ಕೊಂದು ದೆವ್ವದ ಕತೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಪ್ರತಿ ಕತೆಯ ಕೊನೆಗೂ ಅದೇ ಮುದುಕಿ ಕತ್ತಲಲ್ಲಿ ನಿಂತು ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಳು. ಆಗ ಇಡೀ ಬೀದಿಗೆ ಇದ್ದದ್ದು ಅಜೋಕೆಯ ಮನೆಯ ಟೀವಿ ಒಂದೇ. ನೆಲದ ತುಂಬ ಜನ, ಬೆವರಿನ ವಾಸನೆ, ಸೀಮೆಎಣ್ಣೆಯ ವಾಸನೆ, ಮಕ್ಕಳೆಲ್ಲ ಒಬ್ಬರ ತೊಡೆಯ ಮೇಲೊಬ್ಬರು. ಎರಡು ತಿಂಗಳು ಕೂಡ ನಡೆಯಲಿಲ್ಲ ಆ ನಾಟಕ. ಯಾಕೆ ನಿಂತಿತು ಅಂತ ಟೀವಿಯವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಜೋಕೆಯ ಹಿರಿಮಗಳು ಅಬೇನಿ ತುಂಬ ಸಂಸ್ಕಾರದ ಹುಡುಗಿ. ಹಿರಿಯರು ಕರೆದರೆ ಮಂಡಿಯೂರಿ "ಮಾ!" ಅಂತ ಓಗೊಡುವುದು ಅವಳ ಮೈಗೇ ಹತ್ತಿತ್ತು. ಒಂದು ಸಂಜೆ ಟೀವಿಯ ಮುದುಕಿ ತನ್ನ ಹೆಸರು ಹಿಡಿದು ಕರೆದಾಗಲೂ ಹಾಗೇ ಅಂದುಬಿಟ್ಟಳು. ಅದೇ ಅವಳ ಕೊನೆಯ ಮಾತು. ಆಮೇಲೆ ತುಟಿ ಆಡುತ್ತಿತ್ತು, ದನಿ ಬರಲಿಲ್ಲ. ಮುಂದಿನ ಸಂತೆ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದೆವು.

ಆಗ ಬೆನ್ನಿಗೆ ಕಟ್ಟಿಕೊಳ್ಳುವ ಕೂಸಾಗಿದ್ದ ಕಿರಿಮಗಳು ಟೆನಿಯೊಲಾಳನ್ನು ಅಜೋಕೆ ಬೇರೆ ಥರವೇ ಬೆಳೆಸಿದಳು. "ಯಾರೇ ಕರೀಲಿ, ಓಗೊಡಬೇಡ. ಎದ್ದು ಹೋಗಿ ಮುಖ ನೋಡು, ಆಮೇಲೆ ಮಾತಾಡು." ನಮ್ಮ ಬೀದಿಗೆ ಇದು ಅಭ್ಯಾಸವಾಗಿತ್ತು. ಮದುವೆಯಾಗಿ ಹೋದ ಮನೆಯಲ್ಲಿ ನಡೆಯುತ್ತದೆಯೇ? ಅತ್ತೆ ಕರೆದರೆ ಸೊಸೆ ತುಟಿ ಬಿಚ್ಚದೆ ಎದುರಿಗೆ ಬಂದು ನಿಲ್ಲುತ್ತಾಳೆ! "ಇವಳಿಗೆ ಕಿವುಡೋ, ಕೊಬ್ಬೋ?" ಅಂದಳು ಡೇರೆಯ ತಾಯಿ. ಡೇರೆಗೆ ಅವಮಾನವಾಯಿತು. ಹೆಂಡತಿಯನ್ನು ತಿದ್ದಲು ಕೂತ. ಅಮ್ಮ ಕರೆದ ಕೂಡಲೇ ಮಂಡಿ ನೆಲ ಮುಟ್ಟಬೇಕು, ಬಾಯಲ್ಲಿ "ಮಾ!" ಬರಬೇಕು. ವರ್ಷಗಟ್ಟಲೆ ತಿದ್ದಿದ, ಮಹಾನುಭಾವ. ಕೊನೆಗೂ ಗೆದ್ದ.

ಈಗ ಆ ನಾಟಕದ ಬಗ್ಗೆಯೇ ರೇಡಿಯೋ ಕಾರ್ಯಕ್ರಮ ಮಾಡುತ್ತೇನೆಂದು ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಟೇಪುಗಳೆಲ್ಲ ಅಳಿಸಿಹೋಗಿದ್ದವು. ಉಳಿದದ್ದು ನೋಡಿದವರ ನೆನಪು ಮಾತ್ರ. ಮೈಕು ಹಿಡಿದು ಮನೆಮನೆ ತಿರುಗಿದ.

"ಆವತ್ತು ಮುದುಕಿ ನನ್ನ ಹೆಸರೇ ಕರೆದಳು, ನಮ್ಮ ದೊಡ್ಡಮ್ಮನ ದನಿಯಲ್ಲಿ," ಅಂದ ದರ್ಜಿ ಲಮಿದಿ.

"ಸುಳ್ಳು ಹೇಳ್ಬೇಡ್ವೋ! ಕರೆದದ್ದು ನನ್ನನ್ನ," ಅಂದಳು ಅಲಸಂದೆ ವಡೆ ಮಾರುವ ಸಿಕಿರಾ. "ನಮ್ಮತ್ತೆ ದನಿಯಲ್ಲಿ. ಸತ್ತ ಮೇಲೂ ನನ್ನ ಬಿಡಲಿಲ್ಲ, ಮುದಿಗೂಬೆ!"

ಒಬ್ಬರ ನೆನಪು ಇನ್ನೊಬ್ಬರಿಗೆ ತಾಳೆಯಾಗಲಿಲ್ಲ. ಡೇರೆಗೆ ಹಬ್ಬ. "ಎಂಥಾ ಜನ ಮಾರಾಯ್ತಿ ನಿಮ್ಮೂರವರು!" ಅಂತ ಹೆಂಡತಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕ. ದನಿ ಹೇಗಿತ್ತು ಅಂತ ಎಲ್ಲರೂ ಹೇಳಿದರು, ಮಾಡಿ ತೋರಿಸಲು ಮಾತ್ರ ಒಬ್ಬರೂ ಒಪ್ಪಲಿಲ್ಲ. ಸರಿ, ತಾನೇ ಮಾಡುತ್ತೇನೆಂದುಕೊಂಡ.

ಸಂಜೆಯಾಗಿತ್ತು. ಹರ್ಮಟಾನ್ ಗಾಳಿಯ ಧೂಳು ಹಲ್ಲಿಗೆಲ್ಲ ಮೆತ್ತಿತ್ತು. ಕರೆಂಟು ಹೋಗಿತ್ತು. ಹಿತ್ತಲಿನ ಅಡುಗೆ ಚಪ್ಪರದಲ್ಲಿ ಟೆನಿಯೊಲಾ ತಾಳೆಎಣ್ಣೆಯಲ್ಲಿ ಬಾಳೆಕಾಯಿ ಕರಿಯುತ್ತಿದ್ದಳು. ಡೇರೆ ಹಿಂದಿನ ಜಗಲಿಯಲ್ಲಿ ಕೂತು ಮೈಕನ್ನು ಬಾಯಿಗೆ ಹಿಡಿದು, ಮೂಗಿನಿಂದ, ಎಳೆದು ಎಳೆದು ಕರೆದ. "ಟೆನಿ...ಯೊ...ಲಾ..."

"ಸಾಕು ಮಾಡ್ರೀ! ನಿಮ್ಮ ದನಿ ನನಗೆ ಗೊತ್ತಾಗಲ್ವಾ?" ಅವಳು ಅಲ್ಲಿಂದಲೇ ನಕ್ಕಳು.

ಅವನೂ ನಕ್ಕು ಮೈಕು ಕೆಳಗಿಟ್ಟ.

ಹುಳುಗಳ ಸದ್ದು ನಿಂತಿತು. ಪಕ್ಕದ ಮನೆಯ ಆಡು ಹಗ್ಗ ಜಗ್ಗತೊಡಗಿತು. ತಿಂಗಳಿಂದ ಹನಿ ಮಳೆಯಿಲ್ಲದ ಹಿತ್ತಲಲ್ಲಿ ಹಸಿಮಣ್ಣಿನ ವಾಸನೆ ಎದ್ದಿತು, ಆಗಷ್ಟೇ ತೋಡಿದ ಗುಂಡಿಯಿಂದ ಬರುವಂಥದು. ಗೋಡೆಯಾಚೆಯಿಂದ ಒಂದು ದನಿ ಬಂತು.

"ಟೆನಿಯೊಲಾ!"

ಡೇರೆಯ ತಾಯಿಯ ದನಿ. ಅದೇ ಬಿಗಿ, ಅದೇ ಸಿಡುಕು. ಅವನ ತಾಯಿ ಲೇಗೋಸಿನಲ್ಲಿದ್ದಳು.

ಓಗೊಡಬೇಡ ಅನ್ನಬೇಕು ಅವನು. ಕೂಗುವ ಮೊದಲೇ ಚಪ್ಪರದಲ್ಲಿ ಸೌಟು ಬಿತ್ತು. ಟೆನಿಯೊಲಾಳ ಮಂಡಿ ಮಡಿಯುತ್ತಿತ್ತು. ತಾನೇ ಕಲಿಸಿದ್ದ ಮಂಡಿ! ಅವಳ ಬಾಯಿ ತೆರೆಯಿತು. ಓಡಿದ. ಮೈಕಿನ ವೈರು ಕಾಲಿಗೆ ತೊಡರಿತು. ಬಿದ್ದ. ಅಷ್ಟರಲ್ಲಿ ಒಳಗಿನಿಂದ ಅಜೋಕೆ ಬಂದಳು. ತಲೆಗೆ ಬಟ್ಟೆಯಿಲ್ಲ, ಚಪ್ಪಲಿಯಿಲ್ಲ. ಮಗಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ತಾನು ಒಲೆಯ ಬೂದಿಯಲ್ಲಿ ಮಂಡಿಯೂರಿದಳು. ಗೋಡೆಯ ಕಡೆ ಮುಖ ಮಾಡಿ, ಹದಿನಾರರ ಹುಡುಗಿಯ ಹಾಗೆ, ಗಟ್ಟಿಯಾಗಿ ಕೂಗಿದಳು.

"ಮಾ! ನಾನೇ ಟೆನಿಯೊಲಾ! ಇಲ್ಲಿದ್ದೀನಿ!"

ವಾಸನೆ ಹೋಯಿತು. ಹುಳುಗಳು ಮತ್ತೆ ಕೂಗಿದವು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿಕೊಂಡಿತ್ತು. ಅಜೋಕೆ ಮಗಳತ್ತ ತಿರುಗಿ ಏನೋ ಹೇಳಿದಳು. ತುಟಿ ಆಡಿತು, ಅಷ್ಟೇ.

ಮುಂದಿನ ಸಂತೆಗೆ ಮೊದಲೇ ಅಜೋಕೆ ತೀರಿಹೋದಳು. ಲಕ್ವ ಅಂದರು ಡಾಕ್ಟರು. ಡೇರೆಯೂ ಬಂದವರಿಗೆಲ್ಲ ಲಕ್ವ ಲಕ್ವ ಅಂತ ಹೇಳಿಕೊಂಡು ತಿರುಗಿದ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳೊಬ್ಬಳು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಿಥಿಯೂಟ ಮುಗಿದ ಮಾರನೇ ಬೆಳಿಗ್ಗೆ ಅವನು ಸಾಮಾನೆಲ್ಲ ಕಾರಿಗೆ ತುಂಬಿ ಬೀದಿಯಲ್ಲಿ ನಿಂತು ಕರೆದ. "ಟೆನಿಯೊಲಾ! ಹೊತ್ತಾಯ್ತು ಬಾ. ಟೆನಿಯೊಲಾ!"

ನಾವೆಲ್ಲ ನೋಡುತ್ತಿದ್ದೆವು. ಅವಳು ನಿಧಾನವಾಗಿ ಹೊಸಿಲಿಗೆ ಬಂದು ಅವನ ಮುಖ ನೋಡಿದಳು.

"ಆ ಹೆಸರು ತನ್ನದು ಅಂತ ಹೇಳ್ಕೊಂಡು ನಮ್ಮಮ್ಮ ಮಣ್ಣಿಗೆ ಹೋದಳು. ನಿಮ್ಮ ಹೆಂಡತಿ ಸತ್ತಳು, ಡೇರೆ. ಹೋಗಿ ನಿಮ್ಮಮ್ಮನಿಗೆ ಹೇಳಿ," ಅಂದು ಬಾಗಿಲು ಹಾಕಿಕೊಂಡಳು.