ತಿಳಿ ಗುಲಾಬಿ ನಿಮಗೆ ಬೇಡ ಮೇಡಂ!

“ಈ ಬಣ್ಣ ನಿಮಗೆ ಬೇಡ ಮೇಡಂ.”

ಶಾಂತಲಾ ರವಿಕೆಗೆ ಹೊಂದಿಸಲು ತಂದ ಸೀರೆ ನೋಡಿ ಅಂಗಡಿಯವನು ಅಂದದ್ದು ಅಷ್ಟೇ. ಜಯನಗರ ನಾಲ್ಕನೇ ಬ್ಲಾಕಿನ ಆ ಇಕ್ಕಟ್ಟಾದ ಮ್ಯಾಚಿಂಗ್ ಸೆಂಟರಿನಲ್ಲಿ ರವಿಕೆ ಬಟ್ಟೆ ಆರಿಸುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ತಿರುಗಿ ನೋಡಿದರು.

ಶಾಂತಲಾಳ ಕಿವಿ ಬಿಸಿಯಾಯಿತು. ಶಾಲೆಯ ನಾಟಕದಲ್ಲಿ ರಾಣಿ ಪಾತ್ರ ಕೈತಪ್ಪಿ ದಾಸಿ ಪಾತ್ರ ಸಿಕ್ಕಿದ್ದು, ಮದುವೆಮನೆಗಳ ಫೋಟೋಗಳಲ್ಲಿ ಹಿಂದಿನ ಸಾಲಿಗೆ ಸರಿಸಿದ್ದು... ಇಪ್ಪತ್ತೇಳು ವರ್ಷದ ಅವಮಾನವೆಲ್ಲ ಒಟ್ಟಿಗೆ ನೆನಪಾಯಿತು. ಈಗ ಅಂಗಡಿಯವನೂ!

“ನನ್ನ ಬಣ್ಣದ ಬಗ್ಗೆ ಮಾತಾಡೋಕೆ ನೀವ್ಯಾರು ರೀ?”

“ಅಯ್ಯೋ, ನಿಮ್ಮ ಬಣ್ಣ ಅಲ್ಲ ಮೇಡಂ... ಸೀರೆ ಬಣ್ಣ...”

“ಕಪ್ಪಗಿರೋರು ಗುಲಾಬಿ ಉಡಬಾರ್ದು ಅಂತ ಬೋರ್ಡ್ ಹಾಕ್ಬಿಡಿ!”

ದಡದಡ ಮೆಟ್ಟಿಲಿಳಿದು ಆಟೋ ಹತ್ತಿದಳು. ಸುದ್ದಗುಂಟೆಪಾಳ್ಯದಲ್ಲಿ ಇಳಿಯುವಾಗಲೇ ನೆನಪಾದದ್ದು, ಸೀರೆ ಅಂಗಡಿಯಲ್ಲೇ ಉಳಿದಿದೆ!

ಅವನ ಹೆಸರು ಚಿದಾನಂದ್. ಅಪ್ಪನ ಕಾಲದ ಅಂಗಡಿ. ಮೂವತ್ತು ಬಗೆಯ ಹಸಿರನ್ನು ಒಂದೇ ನೋಟಕ್ಕೆ ಬೇರೆ ಮಾಡಬಲ್ಲ. ಹುಡುಗಿಯೊಬ್ಬಳ ಎದುರು ಎರಡು ಮಾತು ನೆಟ್ಟಗೆ ಆಡಲಾರ.

ಶಾಂತಲಾ ಬಿಟಿಎಂ ಲೇಔಟಿನಲ್ಲಿ ಫಿಸಿಯೋಥೆರಪಿಸ್ಟ್. ತಾಯಿಯಿಲ್ಲದ ಅವಳನ್ನು ಸಾಕಿದವಳು ದೊಡ್ಡಮ್ಮ ಮುನಿಯಕ್ಕ. “ತಿಳಿ ಬಣ್ಣ ಉಟ್ರೆ ಬೆಳ್ಳಗೆ ಕಾಣ್ತೀಯ ಕಣೇ” ಅನ್ನುವುದು ದೊಡ್ಡಮ್ಮನ ವೇದವಾಕ್ಯ. ಭಾನುವಾರ ನೋಡಲು ಬರುವ ಬ್ಯಾಂಕ್ ಹುಡುಗ ಆನಂದನ ಎದುರು ಉಡಲೆಂದೇ ದೊಡ್ಡಮ್ಮ ಆ ಗುಲಾಬಿ ಸೀರೆ ತಂದಿದ್ದಳು.

“ಆ ಅಂಗಡಿಗೆ ಸತ್ರೂ ಹೋಗಲ್ಲ!” ಎಂದು ಶಾಂತಲಾ ಹಟ ಹಿಡಿದಳು.

ಭಾನುವಾರ ಬೆಳಿಗ್ಗೆ ಮುನಿಯಕ್ಕನ ಫೋನ್ ಬಡಿದುಕೊಂಡಿತು. ಫಾಲ್ ಹೊಲಿಸಲು ಅಂಗಡಿಯಲ್ಲಿ ಬರೆಸಿದ್ದು ಅವಳ ನಂಬರನ್ನೇ.

“ಯಾರಪ್ಪಾ? ಆನಂದಾ?”

“ಚಿದಾನಂದ್ ಆಂಟಿ. ಸೀರೆ ತಂದು ಕೊಡ್ತೀನಿ, ಅಡ್ರೆಸ್ ಹೇಳಿ...”

ಕಿವಿ ಮಂದವಾಗಿದ್ದ ಮುನಿಯಕ್ಕನಿಗೆ ಕೇಳಿಸಿದ್ದು ಆನಂದ್, ಸೀರೆ, ಅಡ್ರೆಸ್ ಅಷ್ಟೇ. ವಿಳಾಸ ಹೇಳಿ ಫೋನಿಟ್ಟು ಕೂಗಿದಳು. “ನೋಡೇ! ಹುಡುಗ ತಾನೇ ಸೀರೆ ತರ್ತಾನಂತೆ! ಎಂಥಾ ಸಂಸ್ಕಾರ!”

ಉಡಲು ಗುಲಾಬಿ ಸೀರೆ ಇಲ್ಲ. ಶಾಂತಲಾ ಬೀರುವಿನ ತಳದಿಂದ ಸಾಸಿವೆ ಹಳದಿಯ ಕಾಟನ್ ಸೀರೆ ಎಳೆದಳು. ತಾನೇ ಇಷ್ಟಪಟ್ಟು ಕೊಂಡದ್ದು. ದೊಡ್ಡಮ್ಮನಿಗೆ ಹೆದರಿ ಒಂದು ಸಲವೂ ಉಟ್ಟಿರಲಿಲ್ಲ.

ಹತ್ತು ಗಂಟೆಗೆ ಬಂದ ಚಿದಾನಂದನನ್ನು ಬಾಯಿ ತೆರೆಯುವ ಮೊದಲೇ ಸೋಫಾದಲ್ಲಿ ಕೂರಿಸಿ, ಕೈಗೆ ಕೇಸರಿಬಾತ್ ಕೊಟ್ಟಾಗಿತ್ತು.

ಶಾಂತಲಾಳ ಅಪ್ಪ ಯಲ್ಲಯ್ಯ ಗಂಟಲು ಸರಿಮಾಡಿಕೊಂಡರು. “ಯಾವ ಸೆಕ್ಷನ್ ನೋಡ್ಕೊಳ್ತೀರಿ?”

“ರವಿಕೆ ಬಟ್ಟೆ, ಅಂಕಲ್.”

“ಬ್ಯಾಂಕಲ್ಲಾ?!”

ಅಷ್ಟರಲ್ಲಿ ಶಾಂತಲಾ ಕಾಫಿ ಹಿಡಿದು ಬಂದಳು. ಅವನನ್ನು ಕಂಡು ಕಾಲು ಅಲ್ಲೇ ನಿಂತಿತು. ಅಯ್ಯೋ ದೇವರೇ... ಇವನಾ?

ಚಿದಾನಂದ್ ತಟ್ಟೆಯ ಸಮೇತ ಎದ್ದು ನಿಂತ.

“ಇದೇ! ಇದೇ ಬಣ್ಣ!”

“ಹುಡುಗ ಒಪ್ಬಿಟ್ಟ!” ಮುನಿಯಕ್ಕ ಕಿಟಕಿಯಿಂದ ಪಕ್ಕದ ಮನೆಗೂ ಸುದ್ದಿ ಮುಟ್ಟಿಸಿದಳು.

“ದೊಡ್ಡಮ್ಮಾ! ಇವರು ಅಂಗಡಿಯವರು!”

ಅದೇ ಗಳಿಗೆಗೆ ಅಸಲಿ ಆನಂದ್ ಅಪ್ಪ ಅಮ್ಮನ ಜೊತೆ ಬಾಗಿಲಲ್ಲಿ ನಿಂತಿದ್ದ. ಅವನ ತಾಯಿ ಶಾಂತಲಾಳನ್ನು ಅಡಿಯಿಂದ ಮುಡಿವರೆಗೆ ನೋಡಿದರು.

“ಫೋಟೋದಲ್ಲಿ ಸ್ವಲ್ಪ ಬೆಳ್ಳಗಿದ್ಲಲ್ಲ ಹುಡುಗಿ...”

ಬೇರೆ ದಿನವಾಗಿದ್ದರೆ ಶಾಂತಲಾ ತಲೆ ತಗ್ಗಿಸುತ್ತಿದ್ದಳು. ಇವತ್ತು ಯಾಕೋ ಆಗಲಿಲ್ಲ.

“ಅದು ಫಿಲ್ಟರ್ ಆಂಟಿ. ಆ ಹುಡುಗಿ ಫೋನಲ್ಲೇ ಇರ್ತಾಳೆ. ಮನೇಲಿರೋದು ನಾನು.”

ಅವರು ಕಾಫಿಯನ್ನೂ ಕುಡಿಯದೆ ಹೋದರು. ಮುನಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಶಾಂತಲಾ ಚಿದಾನಂದನ ಹಿಂದೆ ಗೇಟಿನವರೆಗೆ ಬಂದಳು.

“ಅವತ್ತು ಏನ್ ಹೇಳೋಕೆ ಹೊರಟಿದ್ರಿ?”

“ಸೀರೇನ ಕತ್ತಿನ ಹತ್ರ ಹಿಡಿದು, ಬಿಸಿಲಿಗೆ ನಿಂತು ನೋಡ್ಬೇಕು ಮೇಡಂ. ಮೊದಲು ಮುಖ ಕಂಡ್ರೆ ಅದು ನಿಮ್ಮ ಬಣ್ಣ. ಬಟ್ಟೆ ಕಂಡ್ರೆ ವಾಪಸ್ ಇಡಿ. ಆ ತಿಳಿ ಗುಲಾಬಿ ನಿಮ್ಮ ಮುಖದ ಕಳೇನೇ ನುಂಗ್ತಿತ್ತು. ನಿಮಗೆ ಸಾಸಿವೆ, ಇಟ್ಟಿಗೆ ಕೆಂಪು, ನವಿಲು ನೀಲಿ...”

“ಅದನ್ನುಟ್ರೆ ಬೆಳ್ಳಗೆ ಕಾಣ್ತೀನಾ?” ಅವಳ ದನಿ ಚುಚ್ಚುವಂತಿತ್ತು.

“ಬೆಳ್ಳಗೆ ಕಾಣಿಸೋ ಬಟ್ಟೆ ನನ್ನ ಹತ್ರ ಇಲ್ಲ. ಇದ್ರೂ ನಿಮಗೆ ಮಾತ್ರ ಕೊಡ್ತಿರಲಿಲ್ಲ.”

ಅಂದುಬಿಟ್ಟು ತಾನೇ ಗಾಬರಿಯಾಗಿ, ಎದುರು ಬಂದ ಆಟೋ ಹತ್ತಿ ಹೋದ. ಅವನ ಸ್ಕೂಟರ್ ಮಾತ್ರ ಗೇಟಿನ ಹತ್ತಿರವೇ ಉಳಿಯಿತು!

ಆಮೇಲೆ ಶಾಂತಲಾ ಮತ್ತೆ ಮತ್ತೆ ಅವನ ಅಂಗಡಿಗೆ ಹೋಗಿ ಹನ್ನೊಂದು ರವಿಕೆ ಬಟ್ಟೆ ಕೊಂಡಳು. ಅವಕ್ಕೆ ತಕ್ಕ ಸೀರೆಗಳು ಅವಳ ಹತ್ತಿರ ಇರಲಿಲ್ಲ ಎನ್ನುವುದು ಬೇರೆ ಮಾತು.

ಇಬ್ಬರ ಒಲವಿನ ವಿಷಯ ಚಿದಾನಂದನ ತಾಯಿ ರುದ್ರಮ್ಮನ ಕಿವಿಗೆ ಬಿತ್ತು. “ನಮ್ಮೋರಲ್ಲ” ಎಂದವರು ಎರಡು ತಿಂಗಳು ಮಗನ ಜೊತೆ ಮಾತು ಬಿಟ್ಟರು. ಅಂಗಡಿಗೆ ಹೋಗಿ ಬರುತ್ತಿದ್ದ ಶಾಂತಲಾಳೂ ಹೋಗುವುದನ್ನು ನಿಲ್ಲಿಸಿದಳು. ನನ್ನಿಂದ ಒಂದು ಮನೆ ಒಡೆಯಬಾರದು... ಎಂದುಕೊಂಡು ರಾತ್ರಿಯೆಲ್ಲ ದಿಂಬು ಒದ್ದೆ ಮಾಡಿದಳು.

ಒಂದು ದಿನ ಕ್ಲಿನಿಕ್ಕಿಗೆ ಮೊಣಕಾಲು ನೋವಿನ ಹೆಂಗಸೊಬ್ಬರು ಬಂದರು. ಆರು ದಿನ ಗುರುತು ಹೇಳದೆ ಶಾಂತಲಾಳ ಕೈಯಲ್ಲಿ ಕಾಲು ನೀವಿಸಿಕೊಂಡರು. ಏಳನೇ ದಿನ ಕೇಳಿದರು.

“ನಾನು ಯಾರ ತಾಯಿ ಅಂತ ಗೊತ್ತೇನಮ್ಮಾ?”

“ಮೊದಲನೇ ದಿನವೇ ಗೊತ್ತಾಯ್ತು ಅಮ್ಮಾ. ಮೂಗು ಒಂದೇ ಥರ ಇದೆ.”

“ಗೊತ್ತಿದ್ದೂ ಇಷ್ಟು ಮೆತ್ತಗೆ ನೀವಿದ್ಯಾ?”

“ನೋವು ನಿಮ್ಮದಲ್ವಾ?”

ರುದ್ರಮ್ಮ ಅವಳ ಕೈ ಹಿಡಿದುಕೊಂಡರು. “ಹೋಗಿ ನೀನೇ ಅವನನ್ನ ಕೇಳಮ್ಮಾ. ಅವನು ಬಾಯಿ ಬಿಡೋ ಹೊತ್ತಿಗೆ ನನ್ನ ಇನ್ನೊಂದು ಮೊಣಕಾಲೂ ಹೋಗುತ್ತೆ!”

ಅಂದು ಮಧ್ಯಾಹ್ನವೇ ಶಾಂತಲಾ ಅಂಗಡಿಗೆ ಹೋದಳು. ಚಿದಾನಂದ್ ಏಣಿಯ ಮೇಲೆ ನಿಂತು ಬಟ್ಟೆ ಜೋಡಿಸುತ್ತಿದ್ದ.

“ಚಿದಾನಂದ್, ನನ್ನ ಮದ್ವೆ ಆಗ್ತೀರಾ?”

ಬಟ್ಟೆಯ ರಾಶಿ ಕೆಳಗೆ ಬಿತ್ತು. ಪುಣ್ಯಕ್ಕೆ ಅವನು ಬೀಳಲಿಲ್ಲ.

“ನಾನೇ ಕೇಳ್ಬೇಕು ಅಂತ... ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದ್ದೆ...”

“ಹಾಗಾದ್ರೆ ಹೇಳಿ, ಕೇಳಿಸ್ಕೊಳ್ತೀನಿ.”

ಅವನು ಇಳಿದು ಬಂದು ಎದುರಿಗೆ ನಿಂತ. ಕಣ್ಣು ತುಂಬಿತು. “ಎಲ್ಲಾ ಮರೆತುಹೋಯ್ತು. ನೀವು...”

“ಮೊದಲು ಆ ‘ನೀವು’ ಬಿಡಿ.”

“ಸರಿ... ಶಾಂತಲಾ... ನೀನು...” ಅವನು ಉಸಿರೆಳೆದುಕೊಂಡ. “ನೀನು ಊಟ ಮಾಡಿದ್ಯಾ?”

ಅವಳಿಗೆ ನಗು ಉಕ್ಕಿತು, ಜೊತೆಗೇ ಅಳುವೂ. ಅವನ ಬೆರಳಿಗೆ ಬೆರಳು ಸೇರಿಸಿದಳು.

“ಇಲ್ಲ ಕಣೋ. ಬಾ, ಜೊತೇಲಿ ಮಾಡೋಣ.”