ಹನ್ನೊಂದು ದಿನದ ತಪ್ಪು ಅಳತೆ

"ಕೈ ತೆಗೀರಿ! ಅದನ್ನ ಮುಟ್ಟಬೇಡಿ!"

ಅವಳ ಕೂಗಿಗೆ ಇಡೀ ಪ್ರಯೋಗಾಲಯ ಬೆಚ್ಚಿತು. ಬೀಕರಿನ ಮುಂದೆ ನಿಂತವನು ಮಾತ್ರ ಬೆಚ್ಚಲಿಲ್ಲ. ಬೆಳಗಿನಿಂದ ಅವಳು ಕಣ್ಣಿಟ್ಟು ಕಾಯುತ್ತಿದ್ದ ನೀರಿನೊಳಗಿಂದ ಗಾಜಿನ ಕಡ್ಡಿಯೊಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಯಾರ್ರೀ ನೀವು?"

"ಯಂತ್ರ ರಿಪೇರಿಯವನು. ಆಫೀಸಿನಿಂದ ಫೋನ್ ಬಂದಿತ್ತು."

"ಮಧ್ಯದಲ್ಲಿ ಕೈ ಹಾಕಿ ಅಂತ ಯಾರು ಹೇಳಿದ್ರು? ಈಗ ಮತ್ತೆ ಮೊದಲಿಂದ ಶುರು ಮಾಡ್ಬೇಕು!"

"ಮಾಡಿದ್ರೂ ಇದೇ ಗೋಳು ಮೇಡಂ. ಈ ರೆಫರೆನ್ಸ್ ಎಲೆಕ್ಟ್ರೋಡ್ ಒಳಗೆ ದ್ರಾವಣ ಒಣಗಿದೆ. ತುದಿ ಬೇರೆ ಕಟ್ಕೊಂಡಿದೆ."

ಅವಳಿಗೆ ಮೈಯೆಲ್ಲ ಉರಿಯಿತು.

'ನನಗೇನು ಗೊತ್ತಿಲ್ವಾ? ಹೊಸದು ಬೇಕು ಅಂತ ಎರಡು ಸಲ ಬರೆದು ಕೊಟ್ಟಿದ್ದೀನಿ. ಯಾರು ಕೇಳಿದ್ರು? ಈಗ ಇವನು ಬಂದು ಪಾಠ ಹೇಳ್ತಾನೆ!'

ನೌಕರರ ವಸತಿಗೃಹಗಳ ನಲ್ಲಿ ನೀರಿನಲ್ಲಿ ಸೀಸ ಎಷ್ಟಿದೆ ಎಂದು ಅವಳು ಹೇಳಬೇಕಿತ್ತು. ಒಂದು ಕಡ್ಡಿಗೆ ವೋಲ್ಟೇಜ್ ಕೊಟ್ಟು ನೀರಿನ ಸೀಸವನ್ನು ಅದರ ಮೇಲೆ ಕೂಡಿಸಬೇಕು, ಆಮೇಲೆ ಬಿಡಿಸಬೇಕು. ಬಿಡುವಾಗ ಎಷ್ಟು ಕರೆಂಟ್ ಹರಿಯಿತು ಎನ್ನುವುದರ ಮೇಲೆ ಸೀಸದ ಲೆಕ್ಕ. ಆ ವೋಲ್ಟೇಜಿಗೆ ಆಧಾರವೇ ಪಕ್ಕದ ಗಾಜಿನ ಕಡ್ಡಿ, ಆ ರೆಫರೆನ್ಸ್ ಎಲೆಕ್ಟ್ರೋಡ್. ಅದು ಅಲುಗಿದರೆ ಎಲ್ಲವೂ ಅಲುಗಿದಂತೆ.

ಅಲುಗಿತ್ತು. ಹನ್ನೊಂದು ದಿನಗಳಿಂದ ಒಂದೇ ನೀರು ಬೆಳಿಗ್ಗೆ ಲೀಟರಿಗೆ ಹದಿನಾಲ್ಕು ಮೈಕ್ರೋಗ್ರಾಂ ಸೀಸ ತೋರಿಸಿದರೆ ಮಧ್ಯಾಹ್ನ ನಾಲ್ಕು! ಪಟ್ಟ ಪಾಡೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಗಿತ್ತು.

ಅಂದು ಸಂಜೆ ಪ್ರಯೋಗಾಲಯದ ಮುಖ್ಯಸ್ಥರು ಅವಳ ಮೇಜಿನ ಬಳಿಯೇ ಬಂದು ನಿಂತರು.

"ಸರಾಸರಿ ಒಂಬತ್ತು ಬರುತ್ತಲ್ಲಮ್ಮಾ. ಮಿತಿ ಹತ್ತು. ವರದಿಗೆ ಸಹಿ ಹಾಕಿ ಮುಗಿಸಿಬಿಡು."

ಅವಳಿಗೆ ಸಾಕಾಗಿ ಹೋಗಿತ್ತು. ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ... ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಅದೇ ಮುಖ್ಯಸ್ಥರು ಒಂದು ಹಾಳೆಯನ್ನು ಅವಳ ಮುಂದೆ ಎಸೆದರು.

"ನೋಡು, ಆ ರಿಪೇರಿಯವನು ಏನು ಬರೆದಿದ್ದಾನೆ! ಹನ್ನೊಂದು ದಿನದ ಅಳತೆ ನಂಬೋ ಹಾಗಿಲ್ವಂತೆ. ಮೇಲಿನವರು ವರದಿ ತಡೆದಿದ್ದಾರೆ. ನೀನು ನೆಟ್ಟಗೆ ಕೆಲಸ ಮಾಡಿದ್ರೆ ಈ ಮಾನಗೇಡು ಆಗ್ತಿತ್ತಾ?"

ಅವಳ ಕಣ್ಣು ತುಂಬಿ ಬಂತು. 'ನನ್ನ ಮುಂದೆ ಒಂದು ಮಾತಾಡಿ, ಬೆನ್ನ ಹಿಂದೆ ದೂರು ಕೊಟ್ಟನಾ? ಥೂ!'

ಮುಂದಿನ ನಾಲ್ಕು ದಿನವೂ ಅವನು ಬಂದ. ವೈರು ಬದಲಿಸಿದ, ಕಲಕುವ ಮೋಟಾರು ಬಿಚ್ಚಿ ಜೋಡಿಸಿದ.

"ಊಟ ಆಯ್ತಾ?"

"ನಿಮಗ್ಯಾಕೆ?"

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮನೆಯಲ್ಲಿ ಅಮ್ಮ, "ಯಾಕೇ ಮುಖ ಊದಿಸ್ಕೊಂಡಿದ್ದೀಯ?" ಎಂದರೆ ಅಮ್ಮನ ಮೇಲೂ ಹರಿಹಾಯುತ್ತಿದ್ದಳು.

ಐದನೆಯ ದಿನ ಅವನು ಹೊಸ ಎಲೆಕ್ಟ್ರೋಡ್ ತಂದು ಕೂರಿಸಿದ.

"ನೆಲವೇ ಅಲ್ಲಾಡ್ತಿದ್ರೆ ಗೋಡೆ ಎತ್ತರ ಹೇಗೆ ಅಳೀತೀರ? ಈಗ ನೆಲ ಗಟ್ಟಿಯಾಗಿದೆ. ಅಳೀರಿ," ಎಂದವನೇ ಚೀಲ ಹೆಗಲಿಗೇರಿಸಿ ಹೊರಟುಹೋದ.

ಅವಳು ಅಳೆದಳು. ಇಪ್ಪತ್ತಾರು.

ಮತ್ತೊಮ್ಮೆ... ಇಪ್ಪತ್ತಾರು. ಮಧ್ಯಾಹ್ನ, ಇಪ್ಪತ್ತೈದು.

ಆ ಮನೆಗಳಲ್ಲಿ ಹಾಲು ಕುಡಿಯುವ ಕೂಸುಗಳಿದ್ದವು. ಆ ನೀರು ಕುಡಿಯಬಹುದೆಂದು ಅವಳೇ ಸಹಿ ಹಾಕಿದ್ದಳು!

ಹಳೆಯ ವರದಿಯನ್ನು ಹರಿದುಹಾಕಲು ಆಫೀಸಿಗೆ ಓಡಿದಳು. ಕಡತದಲ್ಲಿ ಅವನ ಟಿಪ್ಪಣಿಗೆ ಎರಡನೆಯ ಪುಟವೂ ಇತ್ತು. ಮುಖ್ಯಸ್ಥರು ಅವಳಿಗೆ ತೋರಿಸದ ಪುಟ.

'ವಿಶ್ಲೇಷಕಿಯ ತಪ್ಪಿಲ್ಲ. ಮೂರನೆಯ ದಿನವೇ ದೋಷ ಗುರುತಿಸಿ ಪ್ರಯೋಗಾಲಯದ ಪುಸ್ತಕದಲ್ಲಿ ಬರೆದಿದ್ದಾರೆ. ಎರಡು ಬಾರಿ ಹೊಸ ಎಲೆಕ್ಟ್ರೋಡ್ ಕೇಳಿದ್ದಾರೆ. ಕೊಡದಿರುವುದು ಕಚೇರಿಯ ಲೋಪ.'

"ಅದನ್ನ ಬರೆದಿದ್ದಕ್ಕೇ ಇನ್ಮೇಲೆ ಅವರನ್ನ ಕರೀಬೇಡಿ ಅಂತ ಆರ್ಡರ್ ಆಗಿದೆ," ಎಂದಳು ಗುಮಾಸ್ತೆ ಪಿಸುದನಿಯಲ್ಲಿ.

ಅವಳು ನೇರವಾಗಿ ಮುಖ್ಯಸ್ಥರ ಕೋಣೆಗೆ ನುಗ್ಗಿದಳು.

"ಇವತ್ತೇ ಆ ನಲ್ಲಿ ಬಂದ್ ಮಾಡಿಸಿ ಸರ್. ಇಲ್ಲಾಂದ್ರೆ ನಾನೇ ಮನೆ ಮನೆಗೆ ಹೋಗಿ ಹೇಳ್ತೀನಿ!"

ಎರಡು ಗಂಟೆಯೊಳಗೆ ನೀರು ನಿಂತಿತು. ಟ್ಯಾಂಕರು ಬಂತು. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಅವಳು ಅವನ ಅಂಗಡಿ ಹುಡುಕಿಕೊಂಡು ಹೋದಳು.

ಬಿಚ್ಚಿಟ್ಟ ಮೀಟರುಗಳ ನಡುವೆ ಕೂತಿದ್ದವನು ಗಡಬಡಿಸಿ ಎದ್ದ.

"ಎರಡನೇ ಪುಟ ಈಗ ಓದಿದೆ," ಎಂದಳು.

"ಈಗ ಓದಿದ್ರಾ! ಅವತ್ತೇ ಓದಿರ್ತೀರ ಅಂದ್ಕೊಂಡಿದ್ದೆ. ಓದಿದ ಮೇಲೂ ಹೀಗೆ ಉರಿದು ಬೀಳ್ತಾರಲ್ಲ, ಎಂಥ ಗಟ್ಟಿಗಿತ್ತಿ ಅಂತ..."

ಅವಳಿಗೆ ನಗುವೂ ಬಂತು, ಅಳುವೂ ಬಂತು.

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್ಬೇಕು ಅಂತಾನೇ ನಾಲ್ಕು ದಿನ ಬಂದೆ. ಆ ವೈರು ಬದಲಿಸೋಕೆ ಅರ್ಧ ಗಂಟೆ ಸಾಕಿತ್ತು. ನಿಮ್ಮ ಮುಖ ನೋಡಿದ್ರೆ ಮಾತೇ ಹೊರಡ್ತಿರ್ಲಿಲ್ಲ. ಎಲೆಕ್ಟ್ರೋಡ್ ಬಗ್ಗೆ ಅಲ್ಲ ನಾನು ಹೇಳ್ಬೇಕಿದ್ದಿದ್ದು..."

ಅವಳ ಎದೆ ಡವಗುಟ್ಟಿತು. ಆದರೂ ತಲೆ ತಗ್ಗಿಸಿದಳು.

"ಮೊದಲು ನನ್ನ ತಪ್ಪು ಕೇಳಿ. ಅಳತೆ ಸರಿಯಿಲ್ಲ ಅಂತ ಗೊತ್ತಿದ್ದೂ ಸಹಿ ಹಾಕಿದ್ದೆ."

"ಸೋತು ಹೋಗಿದ್ರಿ. ಇವತ್ತು ನೀವೇ ಸರಿ ಮಾಡಿದ್ರಲ್ಲ."

"ಇಷ್ಟು ಸುಲಭವಾಗಿ ನನ್ನ ಬಿಟ್ಬಿಡಬೇಡಿ."

"ಬಿಡೋ ಯೋಚನೆಯೇ ಇಲ್ಲ."

ಅವಳ ಕೆನ್ನೆ ಕೆಂಪಾಯಿತು.

"ರೀ... ನಾನು ಹೇಳಿದ್ದು ಆ ಅರ್ಥದಲ್ಲಲ್ಲ."

"ನಾನು ಹೇಳಿದ್ದು ಅದೇ ಅರ್ಥದಲ್ಲಿ."